ತಕ್ಕಡಿಯಮ್ಮನ ಬಲಗೈ

ಮಾರ್ಚ್ ೪, ಮಂಗಳವಾರ

ಮೇಲಿನ ದೊಡ್ಡಿಯ ಕುರಿಗಳಿಗೆಲ್ಲ ಇವತ್ತು ಜಂತಿನ ಔಷಧಿ ಕುಡಿಸಿ ಮುಗಿಸಿದೆವು. ನನ್ನ ಸೊಂಟ ಹಿಡಿದುಕೊಂಡಿದೆ. ಈ ಕೆಲಸ ನಡೆಯುವುದು ಯಾವಾಗಲೂ ಒಂದೇ ರೀತಿ. ಅಕ್ಕ ಕುರಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಕೊನೆಯ ಪಕ್ಕೆಲುಬಿನ ಹಿಂದೆ ಬಲ ಅಂಗೈ ಇಟ್ಟು, ಉಣ್ಣೆಯೊಳಗೆ ಬೆರಳಾಡಿಸಿ ತೂಕ ಹೇಳುತ್ತಾಳೆ. ನಾನು ಸಿರಿಂಜಿನ ತಿರುಪನ್ನು ಅಷ್ಟಕ್ಕೆ ತಿರುಗಿಸಿ ಬಾಯಿಯ ಮೂಲೆಯಿಂದ ಔಷಧಿ ಬಿಡುತ್ತೇನೆ. ಕಡಿಮೆಯಾದರೆ ಜಂತು ಸಾಯುವುದಿಲ್ಲ, ಹೆಚ್ಚಾದರೆ ಕುರಿಗೇ ಕೇಡು. ಮಾರುಕಟ್ಟೆಯವರು ಅಕ್ಕನನ್ನು ತಕ್ಕಡಿಯಮ್ಮ ಎಂದೇ ಕರೆಯುತ್ತಾರೆ. ಅವಳ ಕೈ ಹೇಳಿದ ತೂಕವನ್ನು ಯಾರೂ ಮರುಮಾತಾಡದೆ ಒಪ್ಪುತ್ತಾರೆ.

ಆದರೆ ಇವತ್ತು ಮೂಗಿನ ಮೇಲೆ ಮಚ್ಚೆಯಿರುವ ಆ ಎಳೆ ಕುರಿಗೆ "ನಲವತ್ತೈದು" ಎಂದಳು. ನಿನ್ನೆಯಷ್ಟೇ ನಾನು ಅದನ್ನು ಎರಡೂ ಕೈಯಲ್ಲಿ ಎತ್ತಿ ಬೇಲಿ ದಾಟಿಸಿದ್ದೆ. ನಲವತ್ತೈದು ಕಿಲೋ ಎತ್ತುವ ರಟ್ಟೆ ನನಗೆಲ್ಲಿಂದ ಬರಬೇಕು? ಕೇಳೋಣವೆಂದು ಬಾಯಿ ತೆರೆದೆ. ಅಕ್ಕ ತಲೆಯೆತ್ತಿ ನೋಡಿದಳು. ಬಾಯಿ ಮುಚ್ಚಿಕೊಂಡು ತಿರುಪು ತಿರುಗಿಸಿದೆ. ನಾನು ಕೆಲಸಕ್ಕಿದ್ದ ಅಚ್ಚುಕೂಟ ಮುಚ್ಚಿಹೋಗಿ ಒಂದು ಪೆಟ್ಟಿಗೆ ಹಿಡಿದು ಬಂದು ನಿಂತಾಗ ಒಂದು ಪ್ರಶ್ನೆಯನ್ನೂ ಕೇಳದೆ ಒಳಗೆ ಕರೆದುಕೊಂಡವಳು. ಜನ್ಮವಿಡೀ ಕುರಿ ಸಾಕಿದವಳಿಗೆ ನಾನು ತೂಕ ಹೇಳಿಕೊಡುವುದೇ!

ಗಬ್ಬದ ಕುರಿಗಳಿರುವ ಕೆಳಗಿನ ದೊಡ್ಡಿಯದು ಮುಂದಿನ ವಾರ.

ಮಾರ್ಚ್ ೭, ಶುಕ್ರವಾರ

ಬೆಳಿಗ್ಗೆ ಮೇವು ಹಾಕಲು ಹೋದೆ. ಎಲ್ಲವೂ ನುಗ್ಗಿ ಬಂದವು. ಮಚ್ಚೆಯದು ಮಾತ್ರ ಗೋಡೆಗೆ ಹಣೆ ಒತ್ತಿಕೊಂಡು ನಿಂತಿತ್ತು. "ಬಾ" ಎಂದೆ. ದನಿ ಬಂದ ಕಡೆ ತಿರುಗಿ ನಡೆದು ಬಂತು, ನಡುವೆ ಇದ್ದ ಕಂಬಕ್ಕೆ ಮುಖ ಹೊಡೆದುಕೊಂಡಿತು. ಹಿಂದೆ ಸರಿದು ಮತ್ತೆ ಅದೇ ಕಂಬಕ್ಕೆ ಹೊಡೆದುಕೊಂಡಿತು. ಅದರ ಕಣ್ಣಮುಂದೆ ಕೈ ಆಡಿಸಿದೆ. ರೆಪ್ಪೆ ಅಲುಗಲಿಲ್ಲ.

ಉಳಿದವುಗಳ ಕಣ್ಣಮುಂದೆಯೂ ಒಂದೊಂದಾಗಿ ಕೈ ಆಡಿಸುತ್ತಾ ಹೋದೆ. ಇನ್ನೂ ಎರಡು ಹಾಗೆಯೇ ಇದ್ದವು. ಎರಡೂ ಬಡಕಲು ಕುರಿಗಳೇ.

ಅಕ್ಕನಿಗೆ ಹೇಳಿದಾಗ ಅವಳು ಒಲೆಯ ಮುಂದೆ ಇದ್ದಳು. ತಿರುಗಿ ನೋಡಲಿಲ್ಲ. "ಔಷಧೀನೇ ಕೆಟ್ಟದ್ದು ಕಳಿಸಿದ್ದಾರೆ," ಎಂದಳು.

ಮಾರ್ಚ್ ೮, ಶನಿವಾರ

ಪಶುವೈದ್ಯೆ ಬಂದಿದ್ದರು. ಚಿಕ್ಕ ವಯಸ್ಸಿನ ಹೆಂಗಸು, ಮೊಣಕಾಲಿನವರೆಗೆ ರಬ್ಬರ್ ಬೂಟು. ಮಚ್ಚೆಯ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಕರಿಗುಡ್ಡೆ ಅಗಲವಾಗಿ ತೆರೆದೇ ಇತ್ತು, ಬೆಳಕಿಗೆ ಕುಗ್ಗಲಿಲ್ಲ.

"ತೂಕ ಎಷ್ಟೂಂತ ಕೊಟ್ರಿ?"

ನಾನೇ "ನಲವತ್ತೈದು" ಎಂದೆ. ವೈದ್ಯೆ ಬಗ್ಗಿ ಕುರಿಯನ್ನು ಎತ್ತಿ ಹಿಡಿದು ಮತ್ತೆ ಇಳಿಸಿದರು.

"ಇದು ಇಪ್ಪತ್ತೈದೂ ಇಲ್ಲ. ಹತ್ತಿರ ಹತ್ತಿರ ಎರಡರಷ್ಟು ಔಷಧಿ ಹೋಗಿದೆ. ಗಟ್ಟಿಮುಟ್ಟಾಗಿರೋವು ತಡ್ಕೊಂಡಿವೆ. ಈ ಬಡಕಲು ದೇಹಕ್ಕೆ ಅದು ವಿಷಾನೇ. ಹೋದ ಕಣ್ಣು ವಾಪಸ್ ಬರಲ್ಲ ಅಮ್ಮ."

"ಉಣ್ಣೆ ಕಣ್ಣಿಗೆ ಮೋಸ ಮಾಡುತ್ತೆ, ನನ್ನ ಕೈಗಲ್ಲ," ಎಂದಳು ಅಕ್ಕ. "ಆ ಬಾಟ್ಲು ತಗೊಂಡೋಗಿ ಪರೀಕ್ಷೆ ಮಾಡ್ಸಿ."

"ಮಾಡಿಸ್ತೀನಿ. ಆದ್ರೆ ಕೆಳಗಿನ ದೊಡ್ಡಿಗೆ ತೂಗದೆ ಒಂದು ಹನೀನೂ ಕೊಡಬೇಡಿ. ಒಂದು ತೂಕದ ಯಂತ್ರ ತಗೊಳ್ಳಿ. ತಡ ಮಾಡಿದ್ರೂ ಕಷ್ಟ, ಅವುಗಳ ಹೊಟ್ಟೇಲಿ ಜಂತು ತುಂಬಿದೆ."

ವೈದ್ಯೆಯನ್ನು ಗೇಟಿನವರೆಗೆ ಬಿಟ್ಟು ಬಂದೆ. ಅಕ್ಕ ಮುಖ ಗಂಟು ಹಾಕಿಕೊಂಡು ಕುಳಿತಿದ್ದಳು. ನನ್ನ ಕಡೆ ನೋಡದೆ, "ಏನ್ ಬೇಕಾದ್ರೂ ತಗೋ. ನಂಗೆ ಮಾತ್ರ ಅದರ ಹತ್ರ ಬಾ ಅನ್ಬೇಡ," ಎಂದಳು.

ರಾತ್ರಿ ತಟ್ಟೆ ಎತ್ತಿಕೊಂಡು ಹೋಗಿ ಜಗಲಿಯಲ್ಲಿ ಒಬ್ಬಳೇ ಉಂಡಳು.

ಮಾರ್ಚ್ ೧೧, ಮಂಗಳವಾರ

ಮಚ್ಚೆ ನೀರಿನ ತೊಟ್ಟಿಗೆ ಬಿದ್ದು ಸತ್ತಿತು. ತೊಟ್ಟಿ ಎಷ್ಟರ ಆಳ, ಮೊಣಕಾಲಷ್ಟು! ಏಳುವ ದಿಕ್ಕು ಗೊತ್ತಾಗಲಿಲ್ಲ ಅದಕ್ಕೆ.

ಬರೆಯಲು ಆಗುತ್ತಿಲ್ಲ.

ಮಾರ್ಚ್ ೧೫, ಶನಿವಾರ

ಹಾಲಿನವನ ವ್ಯಾನಿನಲ್ಲಿ ಪೇಟೆಯ ತಕ್ಕಡಿ ಅಂಗಡಿಗೆ ಹೋದೆ. ಹಾಲಿನವನು ಬೆಳಿಗ್ಗೆ ನಮ್ಮ ರಸ್ತೆಯ ಹಾಲೆಲ್ಲ ತುಂಬಿಕೊಂಡು ಹೋಗುವವನು. ದಾರಿಯುದ್ದಕ್ಕೂ ಮಾತು. "ತಕ್ಕಡಿಯಮ್ಮನ ಮನೆಗೇ ತಕ್ಕಡಿ ತರಕ್ಕೆ ಹೊರಟಿದೀರಲ್ಲಮ್ಮ! ನಾಳೆ ನನ್ನ ಹಾಲಿಗೂ ನೀರು ಅಳೆಯೋ ಯಂತ್ರ ಇಡ್ತಾರೇನೋ!" ಎಂದು ನಕ್ಕ. ನನಗೆ ನಗು ಬರಲಿಲ್ಲ. ನಾಳೆ ಇವನು ಇದನ್ನೇ ಮನೆಮನೆಗೆ ಹೇಳಿಕೊಂಡು ಹೋಗುತ್ತಾನೆ. ಅಕ್ಕನ ಕಿವಿಗೆ ಬೀಳದೆ ಇರುತ್ತದೆಯೇ?

ಅಂಗಡಿಯ ತುಂಬ ತಕ್ಕಡಿಗಳು. ಚಿನ್ನ ತೂಗುವಂಥ ಪುಟಾಣಿಯಿಂದ ಹಿಡಿದು ಲಾರಿ ತೂಗುವುದರ ಚಿತ್ರದವರೆಗೆ. ಅಂಗಡಿಯವನು ಕನ್ನಡಕದ ಮೇಲಿಂದ ನೋಡಿ, "ಎಷ್ಟು ಕುರಿ? ಎಷ್ಟು ಜನ ಹಿಡಿಯಕ್ಕೆ?" ಎಂದು ಕೇಳಿದ. ಇಬ್ಬರು ಹೆಂಗಸರು ಎಂದೆ. ಕೊಕ್ಕೆಗೆ ನೇತುಹಾಕುವ ತಕ್ಕಡಿಯನ್ನು ಮುಂದಿಟ್ಟ. ಕುರಿಯ ಹೊಟ್ಟೆಯ ಕೆಳಗೆ ದಪ್ಪ ಬಟ್ಟೆಯ ಜೋಲಿ ತೂರಿಸಿ, ಹಗ್ಗ ಜಗ್ಗಿ ಮೇಲೆತ್ತಿದರೆ ಮುಳ್ಳು ತೂಕ ತೋರಿಸುತ್ತದೆ. ಇನ್ನೊಂದು ಮೂಟೆ ತೂಗುವ ಹಲಗೆಯ ತಕ್ಕಡಿ, ಹಳೆಯದು. ಅದರ ಮೇಲೆ ಕುರಿ ನಿಲ್ಲಬೇಕಲ್ಲ? "ನಿಲ್ಲಿಸ್ಬೇಕಮ್ಮ," ಎಂದ, ಕುರಿಗಳೆಲ್ಲ ಅವನ ಮಾತು ಕೇಳುವಂತೆ. ಮೂರನೆಯದು ಅಂಗಡಿಯಲ್ಲಿರಲಿಲ್ಲ, ಚಿತ್ರ ತೋರಿಸಿದ. ಎರಡೂ ಕಡೆ ಬಾಗಿಲಿರುವ ಕಬ್ಬಿಣದ ಪಂಜರ. ಕುರಿ ಒಂದು ಕಡೆಯಿಂದ ಒಳಗೆ ಬಂದು, ತೂಕವಾದ ಮೇಲೆ ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ.

ಯಾವುದು ತೆಗೆದುಕೊಳ್ಳಲಿ? ತಪ್ಪು ಯಂತ್ರ ಕೊಂಡು ತಪ್ಪು ತೂಕ ತೋರಿಸಿದರೆ? ಇನ್ನೊಂದು ಕುರಿ ಕುರುಡಾದರೆ ಆಗ ಅದು ಅಕ್ಕನ ಕೈಯಿಂದಲ್ಲ, ನನ್ನಿಂದ. ಅಕ್ಕನನ್ನು ಕೇಳದೆ ದೊಡ್ಡ ಪಂಜರ ತೆಗೆದುಕೊಳ್ಳಲು ಧೈರ್ಯವಾಗಲಿಲ್ಲ. ನೇತುಹಾಕುವುದನ್ನೇ ಎರಡು ದಿನಕ್ಕೆ ಬಾಡಿಗೆಗೆ ತಂದೆ.

ಮಾರ್ಚ್ ೧೬, ಭಾನುವಾರ

ಆಗಲಿಲ್ಲ. ದೊಡ್ಡಿಯ ತೊಲೆಗೆ ತಕ್ಕಡಿ ಕಟ್ಟಿ, ಮೊದಲು ಒಂದು ಗೊಡ್ಡು ಕುರಿಯನ್ನು ಜೋಲಿಗೆ ಹಾಕಿದೆ. ಕಾಲು ನೆಲ ಬಿಟ್ಟದ್ದೇ ತಡ, ಅದು ಗಾಳಿಯಲ್ಲಿ ಒದ್ದಾಡಿ ಅರಚಿತು. ಮುಳ್ಳು ಇಪ್ಪತ್ತಕ್ಕೂ ಅರವತ್ತಕ್ಕೂ ಓಡಾಡಿತು. ನಾನು ಕೂಗಿದೆ, "ಅಕ್ಕ, ಹಗ್ಗ ಹಿಡಿ!"

ಹತ್ತಿರ ಬರುವುದಿಲ್ಲ ಎಂದಿದ್ದವಳು ಓಡಿ ಬಂದು ಹಿಡಿದಳು. ಹಿಡಿದ ಹಗ್ಗ ಅವಳ ಕೈಯಿಂದ ಜಾರಿತು. ಜಾರಿತು ಎನ್ನುವುದಕ್ಕಿಂತ, ಅವಳು ಹಿಡಿದೇ ಇದ್ದಳು, ಹಗ್ಗ ಹೊರಟುಹೋಯಿತು. ಕುರಿ ದೊಪ್ಪನೆ ಬಿತ್ತು. ಕಾಲು ಮುರಿಯಲಿಲ್ಲ, ಪುಣ್ಯ. ಗಬ್ಬದ ಕುರಿಯಾಗಿದ್ದರೆ ಏನು ಗತಿ?

ಅಕ್ಕ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. "ಹಗ್ಗದಲ್ಲಿ ಎಣ್ಣೆ ಇತ್ತು," ಎಂದಳು.

ಹಗ್ಗ ಹೊಚ್ಚಹೊಸದು. ಮುಟ್ಟಿ ನೋಡಿದೆ, ನನ್ನ ಬೆರಳು ಕೆರೆದುಹೋಗುವಷ್ಟು ಒರಟು.

ಮಾರ್ಚ್ ೨೦, ಗುರುವಾರ

ಕೆಳಗಿನ ದೊಡ್ಡಿಯಲ್ಲಿ ಮುದಿ ಕುರಿಯೊಂದರ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಜೋತುಬಿದ್ದಿದೆ. ಕಣ್ಣಿನ ರೆಪ್ಪೆ ಮಗುಚಿ ನೋಡಿದರೆ ಒಳಗೆ ಕೆಂಪೇ ಇಲ್ಲ, ಕಾಗದದ ಹಾಗೆ ಬಿಳಿ. ವೈದ್ಯೆಗೆ ಫೋನ್ ಮಾಡಿದೆ. ಜಂತು ರಕ್ತ ಹೀರುತ್ತಿದೆ ಎಂದರು. ಬಾಟಲಿಯ ಔಷಧಿ ಚೆನ್ನಾಗಿಯೇ ಇದೆ ಎಂದು ಪರೀಕ್ಷೆಯಲ್ಲಿ ಬಂದಿದೆಯಂತೆ. "ಬೇಗ ತೂಗಿ ಕೊಡಿ ಅಮ್ಮ. ಈ ವಾರ, ಬರೋ ವಾರ, ಅಷ್ಟೇ."

ಕೊಟ್ಟರೆ ಕಣ್ಣು ಹೋಗುವ ಭಯ, ಕೊಡದಿದ್ದರೆ ಜೀವ ಹೋಗುವ ಭಯ. ದೊಡ್ಡಿಯೊಳಗೆ ಹೋಗುವಾಗಲೆಲ್ಲ ಯಾವುದು ಬಿದ್ದಿದೆಯೋ ಎಂದು ಮೊದಲು ತಲೆ ಎಣಿಸುತ್ತೇನೆ.

ಇದನ್ನು ಅಕ್ಕನಿಗೆ ಹೇಳೋಣವೆಂದು ಅಡುಗೆಮನೆಗೆ ಬಂದೆ. ಅಕ್ಕ ಒಲೆಯ ಮೇಲಿನ ಚಹಾದ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಕುದಿಯುವ ಪಾತ್ರೆ. ಕಿಟಕಿಯ ಹೊರಗೆ ನೋಡುತ್ತಾ ಏನೋ ಯೋಚಿಸುತ್ತಿದ್ದಳು. ಅವಳ ಮುಖದಲ್ಲಿ ನೋವೇ ಇರಲಿಲ್ಲ. "ಅಕ್ಕ!" ಎಂದು ಚೀರಿದೆ. ಬೆಚ್ಚಿ ಕೆಳಗಿಟ್ಟಳು. ಅಂಗೈ ಕೆಂಪಗೆ ಬೆಂದಿತ್ತು.

"ಏನಾಯ್ತು, ಯಾಕೆ ಹಂಗೆ ಕೂಗ್ತೀಯ?" ಎಂದು ನನಗೇ ಬೈದಳು.

ಮಾರ್ಚ್ ೨೧, ಶುಕ್ರವಾರ

ನಿನ್ನೆ ಅವಳ ಅಂಗೈಗೆ ಮುಲಾಮು ಹಚ್ಚಿದಾಗಿನಿಂದ ಅದೇ ಯೋಚನೆ. ಅದುಮಿ ಹಚ್ಚಿದರೂ ಅವಳು ಹಾ ಎನ್ನಲಿಲ್ಲ. ಎರಡು ತಿಂಗಳಿಂದ ರವಿಕೆಯ ಗುಂಡಿ ನನ್ನ ಕೈಯಲ್ಲೇ ಹಾಕಿಸಿಕೊಳ್ಳುತ್ತಿದ್ದಾಳೆ, ಕಣ್ಣು ಮಂಜಾಗಿದೆ ಎಂದು ನೆಪ. ಮೆಟ್ಟಿಲಿಳಿಯುವಾಗ ಗೋಡೆ ಹಿಡಿಯುತ್ತಾಳೆ.

ಕುರಿ ಬಡಕಲಾಗಿದ್ದರೆ ಬೆನ್ನುಮೂಳೆಯ ಅಂಚು ಅಂಗೈಗೆ ಚುಚ್ಚುತ್ತದೆ. ಕೊಬ್ಬಿದ್ದರೆ ಚುಚ್ಚುವುದಿಲ್ಲ. ಹಾಗೆಂದು ನನಗೆ ಹೇಳಿಕೊಟ್ಟವಳು ಅವಳೇ. ಮೂಳೆ ಇದ್ದೂ ಚುಚ್ಚದಿದ್ದರೆ? ಆಗ ಎಲ್ಲ ಕುರಿಯೂ ಕೊಬ್ಬಿದ ಕುರಿಯೇ.

ಅವಳ ಕೈಗೆ ಏನಾಗಿದೆ? ಕೈಗಷ್ಟೇ ಆಗಿದೆಯೋ? ಕೇಳಬೇಕು. ಕೇಳಿದರೆ ಏನು ಹೇಳಿಬಿಡುತ್ತಾಳೋ! ನಾಳೆ ಕೇಳುತ್ತೇನೆ.

ಮಾರ್ಚ್ ೨೫, ಮಂಗಳವಾರ

ಕೇಳಲಿಲ್ಲ. ಪೇಟೆಗೆ ಹೋದೆ.

ಈ ಸಲ ಇಪ್ಪತ್ತು ಲೀಟರಿನ ಎರಡು ಕ್ಯಾನುಗಳಲ್ಲಿ ನೀರು ತುಂಬಿಸಿ ವ್ಯಾನಿಗೆ ಹಾಕಿಕೊಂಡೆ. ಹಾಲಿನವನು, "ಪೇಟೇಲಿ ನೀರು ಸಿಗಲ್ವೇನಮ್ಮ?" ಎಂದ. ಬಾಡಿಗೆಯದನ್ನು ವಾಪಸ್ ಕಳಿಸುವಾಗ ಹೇಳಿಕಳಿಸಿದ್ದೆ, ಅಂಗಡಿಯವನು ಪಂಜರವನ್ನು ತರಿಸಿ ಹಿತ್ತಲಲ್ಲಿ ನಿಲ್ಲಿಸಿದ್ದ. ಪಂಜರದ ಕೆಳಗೆ ಎರಡು ದಪ್ಪ ಕಬ್ಬಿಣದ ಪಟ್ಟಿ, ತೂಕ ಹಿಡಿಯುವ ಯಂತ್ರ ಅವುಗಳ ಒಳಗೆ. ಮೇಲೆ ಅಂಕಿ ತೋರಿಸುವ ಡಬ್ಬಿ. ಅವನು ಮಾತು ಶುರುಮಾಡುವ ಮೊದಲೇ ಒಂದು ಕ್ಯಾನನ್ನು ಒಳಗಿಟ್ಟೆ, ಲೀಟರ್ ನೀರಿಗೆ ಒಂದು ಕಿಲೋ ಲೆಕ್ಕ. ಆಮೇಲೆ ಎರಡು. ಆಮೇಲೆ ಎರಡನ್ನೂ ಒಂದೇ ಮೂಲೆಗೆ ತಳ್ಳಿದೆ. ಅಂಕಿ ಬದಲಾಗಲಿಲ್ಲ. ಕ್ಯಾನನ್ನು ಹಿಡಿದು ಅಲುಗಾಡಿಸಿದೆ. ಅಂಕಿ ಒಂದಷ್ಟು ಹೊತ್ತು ಕುಣಿದು ಸರಿಯಾದಲ್ಲಿಗೇ ಬಂದು ನಿಂತಿತು.

"ಪಕ್ಕದಲ್ಲಿ ಸರಳು ಬೇಡ, ತಗಡು ಹಾಕಿಸಿ," ಎಂದೆ. "ಪಕ್ಕದಲ್ಲಿ ಏನೋ ಓಡಾಡೋದು ಕಂಡ್ರೆ ಕುರಿ ಒಳಗೆ ಬರಲ್ಲ. ಮುಂದಿನ ಬಾಗಿಲು ಮಾತ್ರ ಸರಳಿಂದೇ ಇರ್ಲಿ. ಮುಂದೆ ಹೋದ ಕುರಿ ಕಂಡ್ರೆ ಹಿಂದಿನದೂ ಬರುತ್ತೆ. ಬಾಗಿಲು ಮುಚ್ಚೋವಾಗ ಢಣಾರ್ ಅನ್ಬಾರ್ದು, ಅಂಚಿಗೆ ರಬ್ಬರ್ ಹಾಕ್ಸಿ. ಬ್ಯಾಟರಿ ಬೇಕು, ದೊಡ್ಡೀಲಿ ಕರೆಂಟಿಲ್ಲ."

ಅಂಗಡಿಯವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ರಬ್ಬರ್ ಒಂದು ಅಂಚಿಗೆ ಮಾತ್ರ ಇದೆ. ಇನ್ನೊಂದಕ್ಕೆ ಆಮೇಲೆ ಕಳಿಸ್ತೀನಿ," ಎಂದ. ಆಯಿತು ಎಂದೆ. ಮುಂದಿನ ಮಂಗಳವಾರ ತಂದುಕೊಡುತ್ತಾನಂತೆ. ಅದಕ್ಕೂ ಮುಂಚೆ ಆಗುವುದಿಲ್ಲವೆಂದು ಕೈ ಅಲ್ಲಾಡಿಸಿದ. ಮುದಿ ಕುರಿಯನ್ನು ವ್ಯಾನಿನಲ್ಲಿ ಜೊತೆಗೇ ತಂದಿದ್ದೆ, ಅದನ್ನು ಮಾತ್ರ ಎತ್ತಿಕೊಂಡು ಹೋಗಿ ವೈದ್ಯೆಯ ಆಸ್ಪತ್ರೆಯಲ್ಲೇ ತೂಗಿಸಿ ಔಷಧಿ ಹಾಕಿಸಿದೆ. ವಾಪಸ್ಸು ಬರುವಾಗ ವ್ಯಾನಿನಲ್ಲಿ ಅದು ನನ್ನ ತೊಡೆಯ ಮೇಲೆ ಮುಖವಿಟ್ಟು ಮಲಗಿತ್ತು. ನಾಳೆಯವರೆಗೆ ಉಳಿಯುತ್ತದೋ ಇಲ್ಲವೋ ಎಂದು ದಾರಿಯುದ್ದಕ್ಕೂ ಅದರ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಬಂದೆ.

ಅಕ್ಕನಿಗೆ ಇನ್ನೂ ಹೇಳಿಲ್ಲ.

ಏಪ್ರಿಲ್ ೧, ಮಂಗಳವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬರೆಯದೆ ಇದ್ದರೆ ತಲೆ ಕೆಡುತ್ತದೆ.

ಪಂಜರ ಬಂತು. ಕೆಳಗಿನ ದೊಡ್ಡಿಯ ಬಾಗಿಲಿನ ಮುಂದೆ ನೆಲ ಸಮ ಮಾಡಿ ಕೂರಿಸಿದೆವು. ಅಂಗಡಿಯವನು ಹೋದ ಮೇಲೆ ಅಕ್ಕ ಬಂದು ನಿಂತಳು. ಪಂಜರವನ್ನು ಒಂದು ಸುತ್ತು ಸುತ್ತಿ ನೋಡಿದಳು.

"ನೀನೊಬ್ಬಳೇ ಹೋಗಿ ತಂದ್ಯಾ?"

"ಹೂಂ."

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ಲ?"

ಬೈಗುಳಕ್ಕೆ ಕಾದು ನಿಂತೆ. ಬೈಯಲಿಲ್ಲ. "ಸರಿ, ಬಿಡು ಒಂದೊಂದಾಗಿ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಾನು ಮೊದ್ಲು ಹೇಳ್ತೀನಿ. ಆಮೇಲೆ ನಿನ್ನ ಡಬ್ಬಿ ಹೇಳ್ಲಿ."

ಮೊದಲ ಕುರಿ ಒಳಗೆ ಬಂತು. ಅಕ್ಕ ಮೇಲಿನಿಂದ ಬಲಗೈ ಇಳಿಸಿ ಬೆನ್ನು ಸವರಿದಳು, ಕಣ್ಣು ಮುಚ್ಚಿದಳು. "ಐವತ್ತೆರಡು." ಡಬ್ಬಿ ನಲವತ್ತು ತೋರಿಸಿತು. ಎರಡನೆಯದು. "ಐವತ್ತು." ಮೂವತ್ತಾರು. ನಾನು ಅಂಕಿ ಓದುವುದನ್ನು ನಿಲ್ಲಿಸಿದೆ. "ಓದು," ಎಂದಳು. ಓದಿದೆ. ಮೂರನೆಯದಕ್ಕೆ ಎಡಗೈಯನ್ನೂ ಇಟ್ಟಳು. ತುಂಬ ಹೊತ್ತು ಹುಡುಕಿದಳು, ಕತ್ತಲ ಕೋಣೆಯಲ್ಲಿ ಬೆಂಕಿಪೆಟ್ಟಿಗೆ ತಡಕುವವರ ಹಾಗೆ. ಏನೂ ಹೇಳದೆ ಕೈ ತೆಗೆದಳು.

"ಯಂತ್ರ ಕೆಟ್ಟಿದೆ ಅಂತ ಹೇಳೇ ಪುಟ್ಟಿ," ಎಂದಳು, ಮೆಲ್ಲಗೆ. ನನಗೆ ತಲೆ ನರೆತರೂ ಅವಳಿಗೆ ನಾನು ಪುಟ್ಟಿಯೇ.

"ನೀರಿಟ್ಟು ನೋಡಿದೀನಿ ಅಕ್ಕ. ಕೆಟ್ಟಿಲ್ಲ."

ಅಷ್ಟರಲ್ಲಿ ನಾಲ್ಕನೆಯದು ನುಗ್ಗಿತು. ಅದರ ಹಿಂದೆಯೇ ಜಮಾದಾರನೂ, ಅಂದರೆ ನಮ್ಮ ಟಗರು, ತಲೆ ತೂರಿಸಿದ. ಅಕ್ಕ ಬಾಗಿಲಿನ ಚೌಕಟ್ಟನ್ನು ಹಿಡಿದಿದ್ದಳು. ಟಗರಿನ ಮೈಭಾರಕ್ಕೆ ಬಾಗಿಲು ಮುಚ್ಚಿಕೊಂಡಿತು, ರಬ್ಬರಿಲ್ಲದ ಅಂಚು. ಅಕ್ಕನ ಬೆರಳುಗಳು ಒಳಗಿದ್ದವು.

ಅವಳು ಟಗರನ್ನು ಬೈಯುತ್ತಲೇ ಇದ್ದಳು. "ಹೋಗೋ ಹಿಂದೆ, ಕತ್ತೆ! ಎಲ್ಲಾದ್ರಲ್ಲೂ ನಿಂದೇ ಮೊದಲಾ?" ಬೆರಳ ಸಂದಿಯಿಂದ ರಕ್ತ ತಗಡಿನ ಮೇಲೆ ಇಳಿಯುತ್ತಿತ್ತು. ಅವಳು ಬೈಯುತ್ತಲೇ ಇದ್ದಳು.

"ಅಕ್ಕ, ಕೈ! ಕೈ!"

"ಯಾವ ಕೈ?" ಎಂದಳು.

ನಾನು ಓಡಿಹೋಗಿ ಭುಜ ಕೊಟ್ಟು ಟಗರನ್ನು ಹಿಂದಕ್ಕೆ ತಳ್ಳಿ ಬಾಗಿಲು ತೆರೆದೆ. ಅವಳ ಕೈ ಎತ್ತಿ ಅವಳ ಮುಖದ ಮುಂದೆ ಹಿಡಿದೆ. ಎರಡು ಬೆರಳು ಜಜ್ಜಿಹೋಗಿದ್ದವು. ಅವಳು ಅದನ್ನು ನೋಡಿದಳು, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ. ಆಮೇಲೆ ಅವಳ ಮುಖ ಬಿಳಿಚಿಕೊಂಡಿತು. ನೋವಿಗಲ್ಲ. ನೋವಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ೨, ಬುಧವಾರ

ಆಸ್ಪತ್ರೆ. ಬೆರಳಿಗೆ ಹೊಲಿಗೆ ಹಾಕಿ ಕಟ್ಟಿದ್ದಾರೆ. ಡಾಕ್ಟರು ಬೆರಳಿಗಿಂತ ಹೆಚ್ಚಾಗಿ ಅವಳ ನಡಿಗೆಯನ್ನು ನೋಡಿದರು. ಕಣ್ಣು ಮುಚ್ಚಿ ನಿಲ್ಲಲು ಹೇಳಿದರು, ತೂರಾಡಿದಳು. ಕುತ್ತಿಗೆಯ ಸ್ಕ್ಯಾನ್ ತೆಗೆಸಿದರು. ಕುತ್ತಿಗೆಯ ಮೂಳೆ ಬೆಳೆದು ಒಳಗಿನ ನರದ ಹುರಿಯನ್ನು ಒತ್ತುತ್ತಿದೆಯಂತೆ. ಕೈಯಿಂದ ಶುರುವಾಗಿದೆ, ಬಿಟ್ಟರೆ ಕಾಲೂ ಹೋಗುತ್ತದೆ. ಆಪರೇಷನ್ ಮಾಡಿದರೆ ಅಲ್ಲಿಗೆ ನಿಲ್ಲಬಹುದು.

"ಹೋಗಿರೋ ಸ್ಪರ್ಶ ಬರುತ್ತಾ?" ಎಂದು ಅಕ್ಕ ಕೇಳಿದಳು.

"ಸ್ವಲ್ಪ ಬರಬಹುದು. ಬರದೆಯೂ ಇರಬಹುದು. ಇನ್ನಷ್ಟು ಹೋಗದ ಹಾಗೆ ತಡೆಯೋಕೆ ಆಪರೇಷನ್."

"ಆಪರೇಷನ್ ಟೇಬಲ್ ಮೇಲೆನೇ ಏನಾದ್ರೂ ಆದ್ರೆ?"

ಡಾಕ್ಟರು ಇಲ್ಲ ಎನ್ನಲಿಲ್ಲ. ಕಡಿಮೆ ಎಂದರು. ಆ "ಕಡಿಮೆ" ನನ್ನ ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿದೆ.

ಅಕ್ಕ ಮನೆಗೆ ಹೋಗೋಣ, ಯೋಚನೆ ಮಾಡೋಣ ಎಂದಳು. ನಾನು ದಿನ ಗೊತ್ತುಮಾಡಿಸಿಕೊಂಡೇ ಎದ್ದೆ. ಮುಂದಿನ ವಾರದ ಗುರುವಾರ.

ಏಪ್ರಿಲ್ ೫, ಶನಿವಾರ

ಕೆಳಗಿನ ದೊಡ್ಡಿಗೆ ಔಷಧಿ ಕೊಟ್ಟೆ. ಹಾಲಿನವನು ಹಿಂದಿನ ಬಾಗಿಲು ನೋಡಿಕೊಂಡ, ನಾನು ಅಂಕಿ ನೋಡಿ ತಿರುಪು ತಿರುಗಿಸಿದೆ. ತಗಡಿನ ಪಕ್ಕ ಸರಿಯಾಗಿ ಕೆಲಸ ಮಾಡಿತು, ಕುರಿಗಳು ಒಂದರ ಬಾಲ ಹಿಡಿದು ಒಂದು ಬಂದವು. ಪ್ರತಿ ಸಲ ಬಾಯಿಗೆ ಬಿಡುವಾಗ ಅಂಕಿಯನ್ನು ಎರಡು ಸಲ ಓದಿದೆ. ಹಾಲಿನವನು ಇವತ್ತು ಒಂದೇ ಒಂದು ತಮಾಷೆಯನ್ನೂ ಮಾಡಲಿಲ್ಲ. ನನ್ನ ಮುಖ ಹೇಗಿತ್ತೋ ಏನೋ.

ಅಕ್ಕ ಜಗಲಿಯಲ್ಲಿ ಕಟ್ಟಿದ ಕೈ ತೊಡೆಯ ಮೇಲಿಟ್ಟುಕೊಂಡು ದೂರದಿಂದ ನೋಡುತ್ತಿದ್ದಳು.

ಏಪ್ರಿಲ್ ೮, ಮಂಗಳವಾರ

ಮೂರು ದಿನ ಕಳೆಯಿತು. ಎಲ್ಲವುಗಳ ಕಣ್ಣಮುಂದೆಯೂ ಕೈ ಆಡಿಸಿದೆ. ಎಲ್ಲವೂ ತಲೆ ಹಿಂದಕ್ಕೆ ತೆಗೆದವು. ಮುದಿ ಕುರಿಯ ಗದ್ದದ ಬಾವು ಅರ್ಧಕ್ಕರ್ಧ ಇಳಿದಿದೆ, ಅದಂತೂ ನನ್ನ ಕೈಯನ್ನೇ ಅಗಿಯಲು ಬಂತು.

ಬೇಲಿಗೆ ಒರಗಿಕೊಂಡು ಅತ್ತೆ. ಯಾಕೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ.

ಏಪ್ರಿಲ್ ೯, ಬುಧವಾರ

ಆಸ್ಪತ್ರೆಯ ವಾರ್ಡು. ನಾಳೆ ಬೆಳಿಗ್ಗೆ ಆಪರೇಷನ್. ಅಕ್ಕನ ತಲೆ ಬಾಚಿ ಜಡೆ ಹಾಕುತ್ತಿದ್ದೆ. ಬೆನ್ನು ನನ್ನ ಕಡೆಗಿತ್ತು. ಅದಕ್ಕೇ ಅವಳಿಗೆ ಹೇಳಲು ಆಯಿತೇನೋ.

"ನಂಗೆ ಗೊತ್ತಿತ್ತು ಕಣೇ."

"ಏನು?"

"ಕೈ. ಹೋದ ಚಳಿಗಾಲದಿಂದ್ಲೇ ಗೊತ್ತಿತ್ತು. ಕುರಿ ಬೆನ್ನು ಮುಟ್ಟಿದ್ರೆ ಗೋಣಿಚೀಲ ಮುಟ್ಟಿದಂಗೆ. ಸುಮ್ನೆ ಬಾಯಿಗೆ ಬಂದದ್ದು ಹೇಳ್ತಿದ್ದೆ."

ಬಾಚಣಿಗೆ ನನ್ನ ಕೈಯಲ್ಲೇ ನಿಂತಿತು. ಮಚ್ಚೆಯ ಮುಖ ಕಣ್ಣಮುಂದೆ ಬಂತು. ಸಿಟ್ಟು ಬಂತು, ನಿಜ ಹೇಳುತ್ತೇನೆ, ಜಡೆಯನ್ನು ಹಿಡಿದು ಜಗ್ಗಿಬಿಡುವಷ್ಟು ಸಿಟ್ಟು.

"ಯಾಕಕ್ಕ ಹೇಳ್ಲಿಲ್ಲ?"

"ಕೈ ಹೋಯ್ತು ಅಂದ್ರೆ ನೀನು ಕುರಿ ಮಾರಿಬಿಡೋಣ ಅಂತೀಯ. ಮಾರಿದ್ಮೇಲೆ ಇಲ್ಲಿ ನಿಂಗೇನು ಕೆಲ್ಸ? ಹೊರಟೋಗ್ತೀಯ. ಆಮೇಲೆ ಈ ಕೈ ಇಟ್ಕೊಂಡು ನಾನೊಬ್ಳೇ..." ಅಲ್ಲಿಗೆ ನಿಲ್ಲಿಸಿದಳು. "ಭಯ ಆಗಿತ್ತು ಕಣೇ ಪುಟ್ಟಿ. ಈಗ್ಲೂ ಆಗ್ತಿದೆ."

ಅಕ್ಕನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಇದೇ ಮೊದಲು. ಚಿಕ್ಕವರಿದ್ದಾಗ ಬಾವಿಯ ಹಾವನ್ನು ಕೋಲಿನಿಂದ ಎತ್ತಿ ಎಸೆದವಳು. ಅವಳೇ ನನ್ನನ್ನು ಮನೆ ಬಿಟ್ಟು ಹೋಗು ಎಂದುಬಿಟ್ಟರೆ ಎಂದು ನಾನು ಬಾಯಿಗೆ ಬೀಗ ಹಾಕಿಕೊಂಡು ದಿನ ತಳ್ಳುತ್ತಿದ್ದೆ. ಅದನ್ನು ಹೇಳಿದೆ.

"ಥೂ, ನಿನ್ನ! ನಿನ್ನನ್ನ ಯಾಕೆ ಕಳಿಸ್ತೀನಿ? ಅಡುಗೆ ಯಾರು ಮಾಡ್ಬೇಕು?" ಎಂದಳು. ಬೆನ್ನು ಅಲುಗುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ನೋಡಲು ಹೋಗಲಿಲ್ಲ. ಜಡೆ ಮುಗಿಸಿ ರಿಬ್ಬನ್ ಕಟ್ಟಿದೆ.

ಏಪ್ರಿಲ್ ೧೦, ಗುರುವಾರ

ಒಳಗೆ ಕರೆದುಕೊಂಡು ಹೋಗಿದ್ದಾರೆ. ಬಾಗಿಲಿನ ಮೇಲೆ ಕೆಂಪು ದೀಪ. ಮುಂದಿನ ಕುರ್ಚಿಯಲ್ಲಿ ಕೂತ ಹೆಂಗಸು ನೀರು ಕೊಟ್ಟರು, ಕುಡಿದೆನೋ ಇಲ್ಲವೋ ನೆನಪಿಲ್ಲ. ಏನಾದರೂ ಬರೆಯುತ್ತಿದ್ದರೆ ಹೊತ್ತು ಹೋಗುತ್ತದೆ ಎಂದು ಪುಸ್ತಕ ತೆಗೆದೆ. ಬರೆಯಲು ಏನೂ ಇಲ್ಲ. ದೀಪ ಇನ್ನೂ ಕೆಂಪಗೇ ಇದೆ.

ಏಪ್ರಿಲ್ ೧೧, ಶುಕ್ರವಾರ

ಕಣ್ಣು ಬಿಟ್ಟಳು. ಕಾಲ ಬೆರಳು ಅಲ್ಲಾಡಿಸಿದಳು. ಡಾಕ್ಟರು ಅಲ್ಲಾಡಿಸಿ ಎಂದಾಗ ಅವಳಿಗಿಂತ ಮುಂಚೆ ನಾನೇ ನನ್ನ ಚಪ್ಪಲಿಯೊಳಗೆ ಅಲ್ಲಾಡಿಸಿದ್ದೆ.

ಏಪ್ರಿಲ್ ೨೮, ಸೋಮವಾರ

ಇಷ್ಟು ದಿನ ಬರೆಯಲು ಪುರಸೊತ್ತೇ ಆಗಲಿಲ್ಲ. ಅಕ್ಕ ಮನೆಗೆ ಬಂದಿದ್ದಾಳೆ. ಕುತ್ತಿಗೆಗೆ ಗಟ್ಟಿ ಪಟ್ಟಿ, ಅತ್ತಿತ್ತ ತಿರುಗುವಂತಿಲ್ಲ. ನಡಿಗೆ ಸ್ವಲ್ಪ ನೆಟ್ಟಗಾಗಿದೆ, ಗೋಡೆ ಹಿಡಿಯುವುದು ಕಡಿಮೆಯಾಗಿದೆ. ಕೈ ಮಾತ್ರ ಹಾಗೇ ಇದೆ. ಬಿಸಿ, ತಣ್ಣಗೆ, ಒರಟು, ನುಣುಪು, ಯಾವುದೂ ಗೊತ್ತಾಗುವುದಿಲ್ಲ. ಆರು ತಿಂಗಳು ನೋಡೋಣ ಎಂದಿದ್ದಾರೆ. ಮೇಲಿನ ದೊಡ್ಡಿಯ ಕುರುಡು ಕುರಿಗಳೆರಡನ್ನೂ ಮನೆಯ ಪಕ್ಕದ ಸಣ್ಣ ಅಂಗಳಕ್ಕೆ ತಂದು, ತೊಟ್ಟಿ ತೆಗೆಸಿ ಬಕೆಟ್ಟಿನಲ್ಲಿ ನೀರಿಡುತ್ತಿದ್ದೇನೆ. ಟಗರನ್ನು ಬೇರೆ ಕಟ್ಟಿದ್ದೇನೆ. ಬಾಗಿಲಿನ ಇನ್ನೊಂದು ಅಂಚಿಗೂ ರಬ್ಬರ್ ಹಾಕಿಸಿದೆ. ಅಂಗಡಿಯವನು ಆಮೇಲೆ ಬರುತ್ತೇನೆ ಅಂದ. ನಾಳೆ ಬಾ ಎಂದೆ, ಬಂದ.

ಇವತ್ತು ಬೆಳಿಗ್ಗೆ ಗಬ್ಬದ ಕುರಿಗಳಲ್ಲಿ ಮೊದಲನೆಯದು ಮರಿ ಹಾಕಿತು. ಔಷಧಿಯ ಪರಿಣಾಮ ಹೊಟ್ಟೆಯೊಳಗಿನದಕ್ಕೆ ಏನಾಗಿರುತ್ತದೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಮರಿ ಜಾರಿ ಹುಲ್ಲಿನ ಮೇಲೆ ಬಿತ್ತು, ಸೀನಿತು, ತಲೆ ಕೊಡವಿತು. ಅಕ್ಕ ಬೆಂಚಿನ ಮೇಲೆ ಕೂತಿದ್ದಳು. "ಇಲ್ಲಿ ಕೊಡು," ಎಂದು ಎರಡೂ ಕೈ ಚಾಚಿದಳು.

ತೊಡೆಯ ಮೇಲಿಟ್ಟೆ. ಅಂಗೈಯಿಂದ ಸವರಿದಳು. ಸವರುತ್ತಲೇ ಇದ್ದಳು. ಅವಳ ಮುಖ ಸಣ್ಣದಾಯಿತು. ನಾನು ಮರಿಯನ್ನು ತೆಗೆದುಕೊಂಡು, ಅವಳು ತಲೆ ಬಗ್ಗಿಸುವಂತಿಲ್ಲವಲ್ಲ, ಅದನ್ನೇ ಎತ್ತಿ ಅವಳ ಕೆನ್ನೆಗೆ ಒತ್ತಿ ಹಿಡಿದೆ.

"ಅಯ್ಯೋ," ಎಂದಳು. "ಬಿಸಿ ಇದೆ ಕಣೇ. ಒದ್ದೆ ಇದೆ."

ಕಣ್ಣು ಮುಚ್ಚಿಕೊಂಡು ಹಾಗೇ ಇದ್ದಳು. ಮರಿ ಅವಳ ಕಿವಿಯನ್ನು ಚೀಪಲು ನೋಡಿತು. ತಾಯಿ ಕುರಿ ನೆಲಕ್ಕೆ ಕಾಲು ಬಡಿದು ಕರೆಯಿತು.

"ಒರೆಸು ಅದನ್ನ, ನೆಂದು ನಡುಗ್ತಿದೆ," ಎಂದಳು.

"ಒರೆಸ್ತೀನಿ. ಗಾಳಿ ಬೀಸ್ತಿದೆ, ಮೊದ್ಲು ನೀನು ಒಳಗೆ ನಡಿ. ಮಾತ್ರೆ ಟೇಬಲ್ ಮೇಲಿಟ್ಟಿದೀನಿ, ತಗೋ."

ಅಕ್ಕ ಎದ್ದು ಒಳಗೆ ಹೋದಳು. ನಾನು ಗೋಣಿತಾಟು ತೆಗೆದುಕೊಂಡು ಮರಿಯನ್ನು ಒರೆಸುತ್ತಾ ಕುಳಿತೆ. ಎರಡನೆಯ ಮರಿ ಇನ್ನೂ ತಾಯಿಯ ಹೊಟ್ಟೆಯೊಳಗಿತ್ತು.